ಇಸ್ತ್ರಿ ಅಕ್ಕ ಮುಚ್ಚಿದ ಕಿಟಕಿ

ದಿನಾ ಬೆಳಿಗ್ಗೆ ಅಂಗಡಿಗೆ ಬಂದೊಡನೆ ಇಸ್ತ್ರಿ ಅಕ್ಕ ತಪ್ಪದೆ ಮಾಡುತ್ತಿದ್ದ ಮೊದಲ ಕೆಲಸ ಕಿಟಕಿ ಮುಚ್ಚುವುದು. ಆಮೇಲೆ ಒಲೆಗೆ ಕೈಮುಗಿದು, “ಯಾರ ಬಟ್ಟೇನೂ ಸುಡಬೇಡ ತಾಯಿ” ಎಂದು ಬೇಡಿಕೊಂಡು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ಎದುರಿಗೇ ಬಸ್ ನಿಲ್ದಾಣ. ಕಿಟಕಿ ತೆರೆದರೆ ಬಸ್ಸಿನ ಹೊಗೆ ನುಗ್ಗಿ ಬಿಳಿ ಬಟ್ಟೆಗೆಲ್ಲ ಮಸಿ. “ಗಿರಾಕಿ ಅಂಗಿ ಅಂದ್ರೆ ನಮ್ಮ ಮಾನ” ಎಂದಿದ್ದ ಅತ್ತೆಯ ಮಾತನ್ನು, ಅತ್ತೆ ಹೋದ ಮೇಲೂ ಅವಳು ಮೀರಿರಲಿಲ್ಲ.

ಚಳಿ ಬಿದ್ದ ಮೇಲೆ ಬಾಗಿಲೂ ಮುಚ್ಚಿತು. ಆಗಲೇ ತಲೆನೋವು ಹಿಡಿದದ್ದು. ತಲೆಯೊಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಯಾವ ಮಾತ್ರೆಗೂ ಬಗ್ಗಲಿಲ್ಲ. ಜೊತೆಗೆ ದುಡಿಯುವ ನಾದಿನಿಯ ಬಾಯಿಗಂತೂ ಬೀಗವಿಲ್ಲ: “ಬಟ್ಟೆ ಗಂಟು ಕಂಡಾಗ್ಲೇ ನಿನ್ನ ತಲೆ ಸಿಡಿಯೋದಲ್ವಾ ಅತ್ತಿಗೆ?”

ಹಾಗೆ ಆಡಿಕೊಂಡವಳಿಗೇ ಒಂದು ಮಧ್ಯಾಹ್ನ ತಲೆ ಸುತ್ತಿತು. “ನಂದು ನಿದ್ದೆ ಸಾಲದ್ದು. ನೀನು ಹೋಗಿ ತೋರಿಸ್ಕೊಂಡು ಬಾ” ಎಂದು ಗಂಟಿಗೊರಗಿ ಮಲಗಿದಳು. ಅಕ್ಕ ಅವಳಿಗೆ ಹೊದಿಸಿ, ಗಿರಾಕಿ ಬಟ್ಟೆ ಇದೆಯೆಂದು ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟಳು.

ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರಮ್ಮ ಅವಳ ಕಣ್ಣಿಗೆ ಟಾರ್ಚ್ ಬಿಟ್ಟಳು, ಕೈಕಾಲು ಎತ್ತಿಸಿದಳು, ಕುತ್ತಿಗೆ ಬಗ್ಗಿಸಿ ನೋಡಿದಳು.

“ರಜೆ ದಿನ ನೋವು ಹೇಗಿರುತ್ತೆ?”

“ಅವತ್ತು ಇರಲ್ಲಮ್ಮ. ದೇವರು ಅದೊಂದಿನ ಕರುಣೆ ತೋರ್ತಾನೆ.”

“ಅಂಗಡೀಲಿ ಬೇರೆ ಯಾರಿಗಾದ್ರೂ ಹೀಗಾಗುತ್ತಾ?”

“ನಾದಿನಿಗೆ ಇವತ್ತು ತಲೆಸುತ್ತು. ಅಲ್ಲೇ ಮಲಗಿದಾಳೆ.”

“ಕೆಂಡ ಆರಿಸಿ ಬಂದ್ರಾ?”

“ಇಲ್ಲ. ಬಾಗಿಲು ಕಿಟಕಿ ಎಲ್ಲಾ ಮುಚ್ಚಿ ಬಂದೆ.”

ಡಾಕ್ಟರಮ್ಮ ಆಂಬುಲೆನ್ಸ್‌ನವನನ್ನು ಕೂಗುತ್ತಲೇ ಹೇಳಿದಳು: “ಅದು ಕೆಂಡದ ವಿಷಗಾಳಿ. ಕಣ್ಣಿಗೂ ಕಾಣಲ್ಲ, ಮೂಗಿಗೂ ತಿಳಿಯಲ್ಲ. ಅಕ್ಕಪಕ್ಕದವರಿಗೆ ಫೋನ್ ಮಾಡಿ, ಬೇಗ.”

ಆಮ್ಲಜನಕದ ಮುಖವಾಡ ಕಟ್ಟಲು ಬಂದ ನರ್ಸಿನ ಕೈ ತಡೆದು, ಅಕ್ಕ ಪಕ್ಕದ ಸೈಕಲ್ ಅಂಗಡಿಯವನಿಗೆ ಫೋನ್ ಹಚ್ಚಿದಳು. “ಬಾಗಿಲು ಒಡಿ, ಕಿಟಕಿ ತೆಗಿ, ಅವಳನ್ನ ಬೀದಿಗೆ ಎಳ್ಕೊಂಡು ಬಾ.”

ಕಿಟಕಿ ತೆಗೆದು ಎಷ್ಟೋ ಸಲ ಬೈಸಿಕೊಂಡವನು ಅವನು. “ಬಟ್ಟೆಗೆ ಮಸಿ ಬೀಳುತ್ತಲ್ಲ ಅಕ್ಕಾ?”

“ಬಿದ್ರೆ ಬೀಳ್ಲಿ. ನಿನ್ನ ದಮ್ಮಯ್ಯ, ಓಡು.”

ಬಾಗಿಲು ಮುರಿದ ಸದ್ದು ಫೋನಿನಲ್ಲೇ ಕೇಳಿತು. ಆಮೇಲೆ ಏದುಸಿರು, ಜನರ ಗದ್ದಲ. ಅಕ್ಕ ಕಣ್ಣುಮುಚ್ಚಿ, ತನಗೆ ಗೊತ್ತಿದ್ದ ದೇವರ ಹೆಸರನ್ನೆಲ್ಲ ಕರೆದಳು. ಕೊನೆಗೆ ಸೈಕಲ್ ಅಂಗಡಿಯವನ ದನಿ ಬಂತು: “ಅಕ್ಕಾ, ಉಸಿರಾಡ್ತಿದಾಳೆ. ನನ್ನನ್ನೇ ಬೈತಿದಾಳೆ.”

ಅಕ್ಕ ಅಳುತ್ತ ನಕ್ಕಳು. ಮುಖವಾಡ ಹಾಕಿಕೊಂಡು ಸ್ವಲ್ಪ ಹೊತ್ತಿಗೆ ಒನಕೆಯ ಪೆಟ್ಟು ಸಡಿಲಿತು. ಅಷ್ಟರಲ್ಲಿ ಪಕ್ಕದ ಮಂಚಕ್ಕೆ ನಾದಿನಿ ಬಂದಳು. “ನಿನ್ನ ತಲೆನೋವು ಸುಳ್ಳಲ್ಲ ಕಣೇ ಅತ್ತಿಗೆ” ಎಂದವಳ ಕೈಯನ್ನು ಅಕ್ಕ ಬಿಡಲೇ ಇಲ್ಲ.

ಮರುದಿನ ಇಬ್ಬರನ್ನೂ ಮನೆಗೆ ಕಳಿಸಿದರು. ಆಂಬುಲೆನ್ಸ್‌ನವನು ಬಾಗಿಲಲ್ಲೇ ಕಾದಿದ್ದ. “ಬನ್ನಿ ಅಕ್ಕ, ಆ ಕಡೆಗೇ ಹೊರಟಿದೀನಿ, ಬಿಡ್ತೀನಿ. ಚಳಿ ಅಂತ ಗಾಜೆಲ್ಲ ಏರಿಸಿದೀನಿ, ಒಳಗೆ ಬೆಚ್ಚಗಿದೆ.”

“ನಿಂಗೆ ಪುಣ್ಯ ಬರ್ಲಪ್ಪ, ಬೇಡ” ಎಂದಳು ಅಕ್ಕ. “ನಾವು ಗಾಳೀಲೇ ನಡ್ಕೊಂಡು ಹೋಗ್ತೀವಿ.”