ಹಂಚದೆ ಉಳಿದ ಭಾರ

ಗದಗ, ಬೆಟಗೇರಿ ಕಡೆಯಿಂದ ತಮಿಳು ಸೀಮೆಯ ಅಂಬತ್ತೂರಿನ ಕಾರ್ಖಾನೆಗಳಿಗೆ ದುಡಿಯಲು ಬಂದ ಕ್ರೈಸ್ತ ಕುಟುಂಬಗಳದ್ದೊಂದು ಕನ್ನಡ ಸಭೆ ಇತ್ತು. ಬಾಡಿಗೆಯ ಶಾಲಾಕೋಣೆಯಲ್ಲಿ ಭಾನುವಾರದ ಆರಾಧನೆ. ಪಾದ್ರಿಯನ್ನು ಇಟ್ಟುಕೊಳ್ಳುವಷ್ಟು ದೊಡ್ಡ ಸಭೆಯಲ್ಲ; ವಿಮಾ ಕಚೇರಿಯ ಗುಮಾಸ್ತ ಭೋಜರಾಜನೇ ಅದಕ್ಕೆ ಎಲ್ಲ. ಬೆಂಚು ಒರೆಸಿ, ಕೀರ್ತನೆ ಎತ್ತಿ, ಪ್ರಸಂಗ ಮಾಡುವವನು ಅವನೇ. ಯಾರಾದರೂ ಆಸ್ಪತ್ರೆ ಸೇರಿದರೆ ಕಚೇರಿಯಿಂದ ನೇರ ಅಲ್ಲಿಗೆ ಓಡುತ್ತಿದ್ದ. ಗಂಡ ಹೆಂಡಿರ ಜಗಳ, ಅಣ್ಣತಮ್ಮಂದಿರ ಮುನಿಸು ಎಲ್ಲ ಅವನ ಮನೆ ಬಾಗಿಲಿಗೇ ಬರುತ್ತಿದ್ದವು. ಹೆಂಡತಿ ಉಷಾ ಬಡಿಸಿಟ್ಟ ಅನ್ನ ಆರಿ ತಣ್ಣಗಾಗುತ್ತಿತ್ತು.

ತೊಂಬತ್ತೊಂಬತ್ತರಲ್ಲಿ ಉಷಾಳ ತಾಯಿ ಲೀಲಮ್ಮ ಮಗಳ ಮನೆಯಲ್ಲಿರಲು ಬಂದರು. ಒಂದು ಶನಿವಾರ ದಿನವಿಡೀ ಅಳಿಯನ ಸುತ್ತ ಜನ ನಿಂತಿದ್ದನ್ನು ನೋಡಿ, ಎಲ್ಲರೂ ಹೋದ ಮೇಲೆ ಕೇಳಿದರು:

“ಅಳಿಯಂದ್ರ, ಮೋಶೆಗೆ ಅವರ ಮಾವ ಏನ್ ಹೇಳಿದ್ರು, ನೆನಪೈತೇನ್ರಿ?”

ಇಲ್ಲದೆ ಏನು? ಮರುಭೂಮಿಯಲ್ಲಿ ಇಡೀ ಜನರ ನ್ಯಾಯವನ್ನು ಒಬ್ಬನೇ ಕೂತು ತೀರಿಸುತ್ತಿದ್ದ ಮೋಶೆಗೆ, ಹೀಗಾದರೆ ನೀನೂ ಸೊರಗುತ್ತೀ, ಜನರೂ ಸೊರಗುತ್ತಾರೆ, ಯೋಗ್ಯರನ್ನು ಆರಿಸಿ ಭಾರ ಹಂಚು ಎಂದು ಮಾವ ಇತ್ರೋ ಬುದ್ಧಿ ಹೇಳಿದ್ದ. ಭೋಜರಾಜ ಅದರ ಮೇಲೆ ಸೊಗಸಾದ ಪ್ರಸಂಗವನ್ನೇ ಮಾಡಿದ್ದ.

“ಇಲ್ಲಿ ಯಾರ್ ಅದಾರ್ರೀ ಅತ್ತಿಯಾರ? ಯಾರಿಗೂ ಏನೂ ಬರಂಗಿಲ್ಲ.”

“ನೀವು ಬಿಟ್ರ ಬರ್ತೈತಿ. ಮೊದ್ಲಿಗೆ ತಪ್ಪತಾರ. ತಪ್ಪಲಿ ಬಿಡ್ರಿ.”

ಆ ಮಾತಿಗೆ ಕಟ್ಟುಬಿದ್ದು ಭೋಜರಾಜ, ರೋಗಿಗಳನ್ನು ಕಂಡು ಬರುವ ಕೆಲಸವನ್ನು ಸಭೆಯವನೇ ಆದ ಲೇತ್ ಕೆಲಸಗಾರ ಚಂದ್ರಶೇಖರನಿಗೆ ವಹಿಸಿದ. ಚಂದ್ರಶೇಖರ ಪೋರೂರಿನ ಆಸ್ಪತ್ರೆಗೆ ಹೋಗಿ, ಸಭೆಯ ಮುದುಕಿಯೊಬ್ಬಳ ಹಾಸಿಗೆಯ ಪಕ್ಕ ತಡವರಿಸುತ್ತಲೇ ಪ್ರಾರ್ಥಿಸಿ ಬಂದ. ಆದರೆ ಭೋಜರಾಜನಿಗೆ ಸಮಾಧಾನವಿಲ್ಲ. ಸಂಜೆ ತಾನೂ ಹೋಗಿ ಅದೇ ಹಾಸಿಗೆಯ ಪಕ್ಕ ಮತ್ತೆ ಪ್ರಾರ್ಥಿಸಿದ. ಪ್ರತಿ ಸಲವೂ ಹೀಗೇ ಆಯಿತು. ಕೊನೆಗೊಂದು ಭಾನುವಾರ ಚಂದ್ರಶೇಖರ ಎದ್ದು ಪ್ರಾರ್ಥಿಸುತ್ತಿದ್ದಾಗ ಭೋಜರಾಜ ಎಲ್ಲರೆದುರೇ ಅವನ ಮಾತು ತಿದ್ದಿದ. ಅವನು ಅಲ್ಲಿಗೇ ನಿಲ್ಲಿಸಿ ಕೂತುಬಿಟ್ಟ. ಕೆಲವೇ ತಿಂಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ಹತ್ತಿರದ ತಮಿಳು ಸಭೆಗೆ ಹೋಗತೊಡಗಿದ.

ಎರಡು ಸಾವಿರದ ನಾಲ್ಕರಲ್ಲಿ ಭೋಜರಾಜನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು, ದನಿ ಹೋಯಿತು. ಬಾಯಿಗೆ ಕಿವಿಯಿಟ್ಟರೆ ಮಾತ್ರ ಕೇಳುವಷ್ಟು ಪಿಸುಗುಟ್ಟಬಲ್ಲವನಾಗಿದ್ದ. ಮತ್ತೆ ಸಭೆ ಕೂಡಿದ ದಿನ, ಯಾರಾದರೂ ಎದ್ದು ನಡೆಸಿ ಎಂದು ಕೈಸನ್ನೆ ಮಾಡಿದ. ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏಳಲಿಲ್ಲ. ಕೊನೆಗೆ ಒಬ್ಬೊಬ್ಬರಾಗಿ ಮನೆಗೆ ಹೋದರು. ವಾರ ವಾರಕ್ಕೆ ಬೆಂಚುಗಳು ಖಾಲಿಯಾದವು. ಶಾಲೆಯವರು ಕೋಣೆಯನ್ನು ಟ್ಯೂಷನ್‌ಗೆ ಕೊಟ್ಟರು.

ಮರುವರ್ಷ ಲೀಲಮ್ಮ ತೀರಿಕೊಂಡರು. ಭೋಜರಾಜ ಚಂದ್ರಶೇಖರನ ಮನೆಗೆ ಹೋಗಿ, ಅವನ ಕಿವಿಯ ಹತ್ತಿರ ಬಾಗಿ ಕೇಳಿಕೊಂಡ: “ಮಣ್ಣಿಗೆ ನೀ ಪ್ರಾರ್ಥನಾ ಮಾಡಬೇಕಪಾ. ಕನ್ನಡದಾಗ.”

ಚಂದ್ರಶೇಖರನ ಕಣ್ಣು ತುಂಬಿತು. “ಮಣ್ಣಿಗೆ ಬರ್ತೇನ್ರಿ ಅಣ್ಣಾರ. ಆದ್ರ ನಿಮ್ಮ ಮುಂದ ನಿಂತು ಪ್ರಾರ್ಥನಾ ಅಂದ್ರ ನನಗ ಬಾಯೇ ಬರಂಗಿಲ್ಲ. ಖರೇನ ಬರಂಗಿಲ್ರಿ.”

ಚಂದ್ರಶೇಖರ ಹೋಗುತ್ತಿದ್ದ ತಮಿಳು ಸಭೆಯ ಪಾದ್ರಿಯೇ ಬಂದು ಎಲ್ಲವನ್ನೂ ತಮಿಳಿನಲ್ಲಿ ನಡೆಸಿಕೊಟ್ಟರು. ಒಳ್ಳೆಯ ಮನುಷ್ಯ, ಆದರೆ ಲೀಲಮ್ಮನ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿದರು. ತರಕಾರಿಯವಳೊಂದಿಗೆ ಚೌಕಾಸಿ ಮಾಡುವಷ್ಟು ತಮಿಳೂ ಲೀಲಮ್ಮನಿಗೆ ಬರುತ್ತಿರಲಿಲ್ಲ.

ಜನ ಸ್ಮಶಾನದ ಗೇಟಿನ ಕಡೆ ನಡೆಯತೊಡಗಿದಾಗ ಭೋಜರಾಜ ಗುಂಡಿಯ ಬದಿಗೆ ನಿಂತು ಪ್ರಾರ್ಥಿಸಲು ಬಾಯಿ ತೆರೆದ. ತುಟಿ ಆಡಿತು, ಬರೀ ಗಾಳಿ ಬಂತು. ಮತ್ತೆ ಮತ್ತೆ ಪ್ರಯತ್ನಿಸಿದ. ಕತ್ತಿನ ನರ ಉಬ್ಬಿದವು.

ಉಷಾ ಅವನ ತೋಳು ಹಿಡಿದಳು. “ಸಾಕ್ರಿ, ಬರ್ರಿ.”