ಮೆಟ್ಟಿಲ ಕೆಳಗೆ ನಿಂತ ಕಾಲು

ಮೇಡಂ ಚಪ್ಪಲಿ ಬಿಡುವ ರೀತಿಯೇ ಬೇರೆ. ಯಾರ ಮನೆಯ ಮುಂದಾದರೂ ಸರಿ, ಕಾಲೇಜಿನ ಲೈಬ್ರರಿ ಬಾಗಿಲಲ್ಲಾದರೂ ಸರಿ, ಬಿಟ್ಟ ಮೇಲೆ ಒಮ್ಮೆ ಬಗ್ಗಿ ಎರಡನ್ನೂ ಜೋಡಿಸಿ, ತುದಿ ಹೊರಗಡೆಗೆ ಬರುವಂತೆ ತಿರುಗಿಸಿ ಇಡುತ್ತಿದ್ದರು. ಕಂದು ಬಣ್ಣದ, ಹಿಮ್ಮಡಿಯ ಹತ್ತಿರ ಕಾಗದದಷ್ಟು ತೆಳ್ಳಗೆ ಸವೆದ ಚಪ್ಪಲಿ. ಯಾಕೆ ಹೀಗೆ ಎಂದು ಒಂದು ಸಲ ಕೇಳಿದ್ದೆ. "ಹೊರಡೋಕೆ ಸುಲಭ ಕಣಮ್ಮ" ಅಂದರು. ನಾನು ಅದನ್ನು ಶಿಸ್ತು ಅಂದುಕೊಂಡೆ.

ಅವರು ಚನ್ನಪಟ್ಟಣದ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು, ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದರು. ಹುಟ್ಟಿದ್ದು ಸಾತನೂರು ಕಡೆಯ ಒಂದು ಹಳ್ಳಿಯ ದಲಿತ ಕಾಲೋನಿಯಲ್ಲಿ. ಅದನ್ನು ಅವರು ಮುಚ್ಚಿಡಲೂ ಇಲ್ಲ, ಸಾರಿಕೊಂಡು ತಿರುಗಲೂ ಇಲ್ಲ. ದನಿ ಸ್ವಲ್ಪ ಗೊಗ್ಗರು. ಕೆಮ್ಮು ಬಂದಾಗ ಮಾತು ನಿಲ್ಲಿಸಿ, ಕೈ ಎತ್ತಿ, "ತಡಿ, ಇದರದ್ದು ಮುಗೀಲಿ" ಎನ್ನುತ್ತಿದ್ದರು, ಕೆಮ್ಮೂ ಚರ್ಚೆಯಲ್ಲಿ ಪಾಲ್ಗೊಂಡ ಇನ್ನೊಬ್ಬ ಭಾಷಣಕಾರ ಎಂಬಂತೆ.

ಶನಿವಾರ ತರಗತಿ ಬಿಟ್ಟ ಮೇಲೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಆ ವರ್ಷ ಅವರು ಹಿಡಿದಿದ್ದು 'ಕೆಟ್ಟ ನಾಳೆಯ ಕಥೆಗಳು' ಎಂದು ತಾವೇ ಹೆಸರಿಟ್ಟ ಒಂದು ಬಗೆಯ ಕಾದಂಬರಿಗಳನ್ನು. ಮಗು ಹುಟ್ಟುವ ಮೊದಲೇ ಇದು ಆಳುವ ಮಗು, ಇದು ಗುಡಿಸುವ ಮಗು ಎಂದು ತೀರ್ಮಾನಿಸುವ ಸರ್ಕಾರಗಳು, ಗುಡಿಸುವವನಿಗೆ ಪೊರಕೆಯ ಮೇಲೆ ಪ್ರೀತಿ ಬರುವಂತೆ ಎಳವೆಯಲ್ಲೇ ಪಳಗಿಸುವ ಶಾಲೆಗಳು, ದರ್ಜೆಗೊಂದು ಬಟ್ಟೆ, ದರ್ಜೆಗೊಂದು ಊಟ. ನನಗೆ ಈ ಕಥೆಗಳ ಮೇಲೆ ನಂಬಿಕೆಯಿರಲಿಲ್ಲ. ಹಾಗೆ ನೋಡಿದರೆ ಯಾವುದರ ಮೇಲೂ ಇರಲಿಲ್ಲ.

"ಇದೆಲ್ಲ ಆಗೋ ಮಾತಲ್ಲ ಮೇಡಂ," ಎಂದು ವಾದ ಹೂಡಿದೆ. "ಇಷ್ಟು ಜನರನ್ನ ಹೀಗೆ ಪಳಗಿಸಬೇಕು ಅಂದ್ರೆ ಎಷ್ಟು ಪ್ರಯೋಗಾಲಯ ಬೇಕು, ಎಷ್ಟು ಕಾವಲುಗಾರರು ಬೇಕು? ನಮ್ಮ ತಾಲೂಕು ಕಚೇರೀಲಿ ಒಂದು ಪಹಣಿ ತೆಗೆಯೋಕೆ ಹೋದ್ರೆ ಸರ್ವರ್ ಇಲ್ಲ ಅಂತಾರೆ. ಇವರು ಮನುಷ್ಯರನ್ನೇ ತಯಾರು ಮಾಡ್ತಾರಂತೆ!"

ಎಲ್ಲರೂ ನಕ್ಕರು. ಮೇಡಂ ಕೂಡ. ಆಮೇಲೆ ಕನ್ನಡಕ ಒರೆಸುತ್ತ, "ಪಾಪ, ಖರ್ಚಿಲ್ದೆ ಮಾಡೋದು ಹೆಂಗೆ ಅಂತ ಆ ಕಥೆ ಬರೆದವರಿಗೆ ಗೊತ್ತಿಲ್ಲ" ಎಂದು ಅಷ್ಟಕ್ಕೇ ಬಿಟ್ಟರು.

ಗೆಳೆಯನೊಬ್ಬ ರೇಷ್ಮೆ ಹುಳುವನ್ನು ಎಳೆದು ತಂದ. ಅದನ್ನೂ ಮನುಷ್ಯನೇ ಪಳಗಿಸಿದ್ದು, ಚಿಟ್ಟೆಯಾದರೂ ಹಾರುವುದನ್ನು ಮರೆತಿದೆ, ಇತ್ಯಾದಿ. ನಮ್ಮ ಕಡೆ ಯಾವ ಚರ್ಚೆಗೂ ಕೊನೆಗೆ ರೇಷ್ಮೆ ಹುಳು ಬಂದೇ ಬರುತ್ತದೆ. ಮೇಡಂ ತಡೆದರು. "ಹುಳಾನ ಯಾಕಪ್ಪ ಬೈತೀಯ? ಅದು ಯಾರನ್ನೂ ಹೊಸ್ತಿಲ ಆಚೆ ನಿಲ್ಸಿಲ್ಲ."

ನಾವು ಯಾವ ಮಾತು ಆಡಿದರೂ ಅವರದೊಂದು ಪ್ರಶ್ನೆ ಕಾದಿರುತ್ತಿತ್ತು: "ಇದು ನಿನ್ನ ಮಾತಾ, ನಿನಗೆ ಯಾರೋ ಕೊಟ್ಟ ಮಾತಾ?" ಹುಡುಗಿಯರಿಗೆ ಗಣಿತ ಕಷ್ಟ ಎಂದರೂ ಅದೇ, ದೇವರಿಲ್ಲ ಎಂದರೂ ಅದೇ. ಎರಡನೆಯದನ್ನು ನಾನು ಅಂದಾಗ ಕೇಳಿದ್ದರು. ಸಿಟ್ಟು ಬಂದಿತ್ತು.

ಧಾರವಾಡದಲ್ಲಿ ರಾಜ್ಯಮಟ್ಟದ ಚರ್ಚಾಸ್ಪರ್ಧೆಗೆ ನನ್ನ ಹೆಸರು ಹೋಯಿತು. ಅಲ್ಲಿ ಎರಡು ರಾತ್ರಿ ಉಳಿಯಬೇಕು. ಹೊಂಗನೂರಿನ ನಮ್ಮ ಮನೆಯಲ್ಲಿ ಇಂಥದ್ದಕ್ಕೆಲ್ಲ ಅಪ್ಪ ಹೂಂ ಅನ್ನುವುದು ಅಜ್ಜಿ ಹೂಂ ಅಂದ ಮೇಲೆ. ಅಜ್ಜಿ ಅನ್ನಲಿಲ್ಲ. ವಾದ ಮಾಡಿ ನಾನು ಎಲ್ಲರನ್ನೂ ಸೋಲಿಸಿದ್ದೇನೆ, ಅಜ್ಜಿಯೊಬ್ಬಳನ್ನು ಬಿಟ್ಟು. ಅವಳು ಕೇಳಿಸಿಕೊಳ್ಳುವುದೇ ಇಲ್ಲ. ಕೊನೆಗೆ ಮೇಡಂ ತಾವೇ ಬರುತ್ತೇನೆ ಎಂದರು.

ಅದಕ್ಕೆ ಹಿಂದೆಯೂ ಅವರು ಒಮ್ಮೆ ನಮ್ಮೂರಿಗೆ ಬಂದಿದ್ದರು. ಆಗ ಹುಳು ಜ್ವರಕ್ಕೆ ಕೂತಿದ್ದವು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದೇ ಜ್ವರ. ಆ ಹೊತ್ತಿನಲ್ಲಿ ಸೋಂಕು ತಗಲಿದರೆ ಇಡೀ ಬೆಳೆ ಹೋಗುತ್ತದೆಂದು ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನಮ್ಮ ಹುಳುಗಳು ನಡುಮನೆಗೆ ಅಂಟಿದ ಕೋಣೆಯಲ್ಲೇ ಇರುತ್ತಿದ್ದರಿಂದ ಅಜ್ಜಿ ಮೇಡಂ ಅವರನ್ನು ಹೊರಗೆ ಜಗುಲಿಯಲ್ಲಿ ಕೂರಿಸಿ, ಯಾವುದೋ ಮದುವೆಯಲ್ಲಿ ಉಳಿದಿದ್ದ ಕಾಗದದ ಲೋಟದಲ್ಲಿ ಕಾಫಿ ಕೊಟ್ಟಿದ್ದಳು. ಅದು ಸಹಜವೇ ಅನ್ನಿಸಿತ್ತು.

ಈ ಸಲ ಹುಳುವಿರಲಿಲ್ಲ. ಅಪ್ಪ ಗೂಡು ಮಾರಿ ಬಂದಾಗಿತ್ತು. ಹುಳುವಿನ ಕೋಣೆ ತೊಳೆದು ಬ್ಲೀಚಿಂಗ್ ಪುಡಿ ಚೆಲ್ಲಿದ್ದರು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳೆಲ್ಲ ಖಾಲಿಯಾಗಿ ಅಂಗಳದ ಗೋಡೆಗೆ ಒರಗಿ ಬಿಸಿಲು ಕಾಯುತ್ತಿದ್ದವು. ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮೇಡಂ ಬಂದರು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟರು, ಬಗ್ಗಿ ಹೊರಮುಖ ಮಾಡಿದರು.

"ಬನ್ನಿ ಟೀಚ್ರಮ್ಮ," ಎಂದಳು ಅಜ್ಜಿ, ನಗುತ್ತಲೇ. "ಇಲ್ಲೇ ಜಗಲಿ ಮ್ಯಾಲೆ ಕೂತ್ಕಳಿ. ಒಳೀಕೆ ಕರ್ಯಕಾಯ್ತಿಲ್ಲ, ಹುಳ ಜ್ವರಕ್ಕೆ ಕೂತವೆ."

ಚಂದ್ರಿಕೆಗಳು ನಮ್ಮ ಮೂವರಿಗೂ ಕಾಣುತ್ತಿದ್ದವು.

"ಎಲ್ಲಜ್ಜಿ ಹುಳ?" ಎಂದೆ. "ಮೊನ್ನೆ ತಾನೆ ಅಪ್ಪ ಗೂಡು ಮಾರ್ಕೊಂಡು ಬಂದಿಲ್ವಾ?"

ಅಜ್ಜಿಯ ಕೈ ಅವರೆಕಾಯಿಯಲ್ಲೇ ನಿಂತಿತು. ನಮ್ಮಜ್ಜಿ ಸುಳ್ಳುಗಾತಿಯಲ್ಲ. ಯಾರೋ ನಿದ್ದೆಯಿಂದ ಎಬ್ಬಿಸಿದ ಹಾಗೆ ಅವಳು ಚಂದ್ರಿಕೆಗಳ ಕಡೆ ನೋಡಿದಳು, ಹಿಂದಕ್ಕೆ ತಿರುಗಿ ಕೋಣೆಯ ಬಾಗಿಲು ನೋಡಿದಳು. "ಅಯ್ಯೋ, ಹೂಂ ಕಣವ್ವ. ಅದೇ ಬಾಯಿಗೆ ಬಂದ್ಬುಡ್ತು, ನೋಡು" ಎಂದಳು. ಮುಖ ಸಣ್ಣದಾಗಿತ್ತು. ಆದರೂ ಒಳಗೆ ಬನ್ನಿ ಅನ್ನಲಿಲ್ಲ.

ಮೇಡಂ ಜಗುಲಿಯ ತುದಿಯಲ್ಲಿ ಕೂತರು. "ಇರ್ಲಿ ಬುಡಿ ಅವ್ವ, ಇಲ್ಲೇ ಗಾಳಿ ಚೆಂದಾಗೈತೆ," ಎಂದರು. ತರಗತಿಯ ಅವರ ಭಾಷೆ ನಮ್ಮ ಜಗುಲಿಗೆ ಬಂದಾಗ ಸಾತನೂರಿಗೆ ಹೋಗಿಬಿಡುತ್ತಿತ್ತು. "ನಾ ಬಂದಿದ್ದು ಇವ್ಳ ಇಚಾರಕ್ಕೆ. ಧಾರವಾಡಕ್ಕೆ ಕಳಸ್ಕೊಡಿ. ಒಳ್ಳೆ ಮಾತುಗಾತಿ."

"ಬಾಯಿ ಜೋರು ಅನ್ನಿ."

"ಅದೇ ಅವ್ವ. ಬ್ಯಾರೆ ಕಡೆ ಅದಕ್ಕೆ ಬಹುಮಾನ ಕೊಡ್ತಾರೆ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ ಕೇಳಿದಳು: "ರಾತ್ರಿ ಎಲ್ಲಿ ಮನೀಕತಾಳೆ?"

"ನನ್ ಜೊತೇಲೆ. ಮಗ್ಗುಲಲ್ಲೇ."

ಅಜ್ಜಿ ಇನ್ನಷ್ಟು ಅವರೆಕಾಯಿ ಸುಲಿದಳು. ಮೇಡಂ ಕಾದರು. ಕೊನೆಗೆ, "ಹಂಗಾದ್ರೆ ಕರ್ಕೊಂಡೋಗಿ. ಒಬ್ಳುನ್ನೇ ಎಲ್ಲೂ ಬುಡಬ್ಯಾಡಿ. ಮಗ್ಗುಲಲ್ಲೇ ಮನಗಿಸ್ಕಳಿ" ಎಂದಳು.

ಮೊಮ್ಮಗಳನ್ನು ಪರಊರಿನಲ್ಲಿ ಇವರ ಪಕ್ಕದಲ್ಲಿ ಮಲಗಿಸಲು ಅಜ್ಜಿಗೆ ನಂಬಿಕೆಯಿದೆ, ಇವರನ್ನು ಹೊಸ್ತಿಲು ದಾಟಿಸಲು ಇಲ್ಲ. ಇಂಥ ವಿರೋಧಾಭಾಸ ಎದುರಾಳಿಯ ಬಾಯಲ್ಲಿ ಸಿಕ್ಕಿದ್ದರೆ ವೇದಿಕೆಯ ಮೇಲೆ ಹಬ್ಬ ಮಾಡುತ್ತಿದ್ದೆ.

ಮೇಡಂ ಅವರನ್ನು ಬಸ್ಸಿಗೆ ಬಿಡಲು ಹೋಗುವಾಗ ನಾನು ಗೆದ್ದ ಅಮಲಿನಲ್ಲಿದ್ದೆ. "ನೋಡಿದ್ರಾ ಮೇಡಂ, ಅಜ್ಜಿ ಹೆಂಗೆ ಸಿಕ್ಕಿಬಿದ್ಲು!"

ಅವರು ನಡೆಯುವುದನ್ನು ನಿಲ್ಲಿಸಿದರು. ಮೊದಲು ಕೆಮ್ಮಿನ ಸರದಿ ಮುಗಿಯಿತು. "ಅಜ್ಜಿ ಒಬ್ರೇ ಸಿಕ್ಕಿಬಿದ್ರಾ? ಖಾಲಿ ಚಂದ್ರಿಕೆ ನಂಗೂ ಕಂಡಿತ್ತು ಕಣೇ, ದೂರದಿಂದ್ಲೇ. ಹುಳ ಇಲ್ಲ ಅಂತ ಗೊತ್ತು. ಆದ್ರೂ ನಿಮ್ಮಜ್ಜಿ ಬಾಯಿ ಬಿಡೋಕೆ ಮುಂಚೆನೇ ನನ್ನ ಕಾಲು ಮೆಟ್ಟಿಲ ಕೆಳಗೆ ನಿಂತಾಗಿತ್ತು. ಎಂ.ಎ. ಮಾಡಿದ ಕಾಲು." ತಮ್ಮ ಪಾದಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ನೀನು ಪ್ರಯೋಗಾಲಯ ಬೇಕು, ಕಾವಲುಗಾರರು ಬೇಕು ಅಂದಿದ್ದೆ."

ನಾನು ಬಿಡಲಿಲ್ಲ. "ಆದ್ರೆ ಮೇಡಂ, ಆ ಕಥೆಗಳಲ್ಲಿ ಯೋಜನೆ ಹಾಕಿದವನು ಅಂತ ಒಬ್ಬ ಇರ್ತಾನೆ. ಇಲ್ಲಿ ಯಾರೂ ಕೂತು ಯೋಜನೆ ಹಾಕಿಲ್ವಲ್ಲ?"

"ಅದಕ್ಕೇ ಅವು ಸಮಾಧಾನದ ಕಥೆ. ಅವನೊಬ್ಬನ್ನ ಕೆಳಗಿಳಿಸಿದ್ರೆ ಮುಗೀತು. ಇಲ್ಲಿ ಯಾರನ್ನ ಇಳಿಸ್ತೀಯ? ಅವರೆಕಾಯಿ ಸುಲಿಯೋ ಮುದುಕಿನಾ?"

ಬಸ್ಸು ಬಂತು. ನನ್ನ ಉತ್ತರ ಉಳಿದುಹೋಯಿತು. ಯಾರೂ ಯೋಜನೆ ಹಾಕಿಲ್ಲ ಎಂಬ ನನ್ನದೇ ಮಾತನ್ನು ಈಗ ನಾನು ಒಪ್ಪುವುದಿಲ್ಲ. ಹಾಕಿದವರಿದ್ದರು, ಲಾಭ ಪಡೆದವರಿದ್ದರು, ಅವರಲ್ಲಿ ನಮ್ಮ ಮನೆಯವರೂ ಇದ್ದರು. ಯಂತ್ರ ಎಷ್ಟು ಚೆನ್ನಾಗಿ ಓಡುತ್ತಿದೆಯೆಂದರೆ ಓಡಿಸುವವನು ಎದ್ದು ಹೋಗಿರುವುದು ಯಾರಿಗೂ ಗೊತ್ತಾಗಿಲ್ಲ. ಇದನ್ನು ಅವರಿಗೆ ಹೇಳಬೇಕಿತ್ತು. ಅವರು ಖಂಡಿತ ಕೇಳುತ್ತಿದ್ದರು, ನಿನ್ನ ಮಾತಾ, ಕೊಟ್ಟ ಮಾತಾ ಎಂದು.

ಧಾರವಾಡದಲ್ಲಿ ಬಹುಮಾನ ಬರಲಿಲ್ಲ. ಮೇಡಂ ಅಜ್ಜಿಗೆ ಕೊಟ್ಟ ಮಾತಿನಂತೆ ನನ್ನ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದರು.

ಕೆಮ್ಮು ಕೆಮ್ಮಾಗಿ ಉಳಿಯಲಿಲ್ಲ. ಬೆಂಗಳೂರಿನ ಆಸ್ಪತ್ರೆ, ರಜೆ, ಮತ್ತೆ ರಜೆ. ಫೋನಿನಲ್ಲಿ ಉಸಿರು ಸಾಲದೆ ಅರ್ಧ ವಾಕ್ಯದಲ್ಲಿ ನಿಲ್ಲಿಸಿ, "ಉಳಿದಿದ್ದು ನೀನೇ ವಾದ ಮಾಡ್ಕೊ" ಎಂದರು. ಆಮೇಲೆ ಒಂದು ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ನಾನು ಹೊರಟಾಗ ಅಜ್ಜಿ ಸೀರೆ ಬದಲಿಸಿ ನಿಂತಿದ್ದಳು. "ನಾನೂವೆ ಬತ್ತೀನಿ" ಎಂದಳು.

ಚನ್ನಪಟ್ಟಣದಲ್ಲಿ ಮೇಡಂ ತಮ್ಮ ತಾಯಿಯೊಂದಿಗಿದ್ದ ಸಣ್ಣ ಮನೆ. ಮುಂದೆ ಶಾಮಿಯಾನ. ಗೇಟಿನ ಹತ್ತಿರ ಬಂದದ್ದೇ ಅಜ್ಜಿಯ ಕಾಲು ನಿಂತಿತು. ಯಾರೂ ತಡೆದಿರಲಿಲ್ಲ. ಒಳಗೆ ಮಗಳ ತಲೆಯ ಹತ್ತಿರ ಕೂತಿದ್ದ ಮೇಡಂ ಅವರ ತಾಯಿಗೆ ಯಾರೋ ಹೋಗಿ, ಹೊಂಗನೂರಿನ ಹುಡುಗಿ, ಅವಳ ಅಜ್ಜಿ ಬಂದಿದ್ದಾರೆ ಎಂದರು. ಆ ಮುದುಕಿ, ಮಗಳ ಹೆಣದ ಪಕ್ಕದಿಂದ, ಎದ್ದಳು. ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಗೇಟಿನವರೆಗೂ ಬಂದು, ಸೆರಗಿನಿಂದ ಅದನ್ನು ಒರೆಸಿ ಇಟ್ಟಳು.

"ಇಲ್ಲೇ ಕೂತ್ಕಳಿ ಅವ್ವಾರೆ. ಗಾಳಿ ಐತೆ."

ಅಜ್ಜಿ ಕುರ್ಚಿ ನೋಡಿದಳು. ಅವಳನ್ನು ನೋಡಿದಳು. ನನ್ನ ಹತ್ತಿರ ವಾದಗಳೆಲ್ಲ ಸಿದ್ಧವಿದ್ದವು, ಒಂದನ್ನೂ ತೆಗೆಯಲಿಲ್ಲ.

"ಕುರ್ಚಿ ಬ್ಯಾಡ ಕಣವ್ವ," ಎಂದಳು ಅಜ್ಜಿ ಕೊನೆಗೆ. "ಮಗೀನ ಮಕ ನೋಡಬೇಕು." ನನ್ನ ಭುಜವನ್ನು ನೋಯುವ ಹಾಗೆ ಹಿಡಿದುಕೊಂಡು, ಹೊಳೆ ದಾಟುವವರಂತೆ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋದಳು. ಮುಖ ನೋಡಿದಳು. ಆ ತಾಯಿಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು.

ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಹೇಳಿದಳು: "ಕಾಲೇ ಏಳ್ನಿಲ್ಲ ಕಣವ್ವ. ಎಳ್ಕೊಂಡೋದೆ."

ಮನೆಗೆ ಬಂದವಳು ಹಿತ್ತಲ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಚೊಂಬಿನ ಸದ್ದು ತುಂಬ ಹೊತ್ತು ಕೇಳುತ್ತಿತ್ತು. ಸಾವಿನ ಮನೆಗೆ ಹೋಗಿ ಬಂದವರೆಲ್ಲ ಸ್ನಾನ ಮಾಡುತ್ತಾರೆ. ಅವಳು ತೊಳೆದುಕೊಂಡದ್ದು ಸಾವನ್ನೋ ಆ ಮನೆಯನ್ನೋ ನನಗೆ ಗೊತ್ತಿಲ್ಲ. ಕೇಳಬೇಕೆಂದು ಬಚ್ಚಲ ಬಾಗಿಲವರೆಗೂ ಹೋದೆ. ಅಷ್ಟರಲ್ಲಿ ನೋಡಿಕೊಂಡೆ: ನನ್ನ ಹೆಗಲ ಮೇಲೂ ಟವಲು, ಕೈಯಲ್ಲಿ ಬದಲಿಸುವ ಬಟ್ಟೆ. ಯಾರೂ ಹೇಳಿರಲಿಲ್ಲ.

ನೀನು ಯಾತಕ್ಕೆ ಬಂದೆ ಇಲ್ಲಿಗೆ, ಎಂದು ಮೇಡಂ ಇದ್ದಿದ್ದರೆ ಮೊದಲು ನನ್ನನ್ನೇ ಕೇಳುತ್ತಿದ್ದರು.