ಜರ್ಮನಿಯ ರೇಷನ್ ಕಾರ್ಡು

ಠಾಣೆಯ ಆ ಮಹಿಳಾ ಹೆಡ್ ಕಾನ್‌ಸ್ಟೇಬಲ್‌ಗೆ ಏನಾದರೂ ಕೇಳುವ ಮೊದಲು ಪೆನ್ನಿನ ಮುಚ್ಚಳ ಹಾಕಿಬಿಡುವ ಅಭ್ಯಾಸ. ಪ್ರಶ್ನೆಗಳು ಮುಗಿಯದೆ ನನ್ನ ದೂರು ಶುರುವೇ ಆಗಿರಲಿಲ್ಲ.

ನಾನು ಓದುವುದು ಜರ್ಮನಿಯಲ್ಲಿ. ರಜೆಗೆ ಚೆನ್ನೈಯ ಸೋದರತ್ತೆಯ ಮನೆಗೆ ಬಂದವಳು ತಾಂಬರಂ ಲೋಕಲ್ ಟ್ರೇನಿನಲ್ಲಿ ರೆಸಿಡೆನ್ಸ್ ಪರ್ಮಿಟ್, ಅಂದರೆ ಅಲ್ಲಿ ವಾಸವಿರಲು ಕೊಡುವ ಕಾರ್ಡನ್ನು ಕಳೆದುಕೊಂಡಿದ್ದೆ. ಅದಿಲ್ಲದೆ ವಾಪಸು ವಿಮಾನ ಹತ್ತುವಂತಿಲ್ಲ. ಬದಲಿ ಕಾಗದ ಕೊಡಲು ಕಾನ್ಸುಲೇಟಿನವರಿಗೆ ಪೊಲೀಸ್ ರಿಪೋರ್ಟ್ ಬೇಕು.

“ಪಾಸ್‌ಪೋರ್ಟ್ ಇದೆಯಲ್ಲಮ್ಮಾ, ಮತ್ತೇನು ಕಳೆದದ್ದು?” ಎಂದರು ತಮಿಳಿನಲ್ಲಿ. ನನಗೆ ತಮಿಳು ಅರ್ಥವಾಗುತ್ತದೆ, ಆಡಲು ನಾಚಿಕೆ. ಇಂಗ್ಲಿಷಿನಲ್ಲಿ, ನನಗೇ ಕೇಳಿಸದಷ್ಟು ಮೆಲ್ಲಗೆ ವಿವರಿಸಿದೆ. ಮುಚ್ಚಳ ತೆರೆಯಲಿಲ್ಲ.

ಅತ್ತೆಗೆ ತಾಳ್ಮೆ ಮುಗಿಯಿತು. “ಅದು ಆ ಊರಿನ ರೇಷನ್ ಕಾರ್ಡು, ಮೇಡಂ.”

“ಅಡಡಾ, ಮೊದಲೇ ಹೇಳಬಾರದಾ?”

ಹೆಡ್ ಕಾನ್‌ಸ್ಟೇಬಲ್‌ರ ರೇಷನ್ ಕಾರ್ಡೂ ಒಮ್ಮೆ ಕಳೆದಿತ್ತಂತೆ. ಆ ಪಾಡು ಹೇಳುತ್ತಲೇ, ನನ್ನ ಜೆರಾಕ್ಸ್ ಪ್ರತಿ ನೋಡಿ ಕಾರ್ಡಿನ ಜರ್ಮನ್ ಹೆಸರನ್ನು ಅಕ್ಷರಅಕ್ಷರವಾಗಿ ಬರೆದುಕೊಂಡರು. ನನಗೆ ಟೀ ತರಿಸಿದರು. ಸಹಿ ಹಾಕಬೇಕಾದ ಸಾಹೇಬರು ಹೊರಟಿದ್ದರು. ಓಡಿಹೋಗಿ ಜೀಪಿನ ಹತ್ತಿರವೇ ಹಾಕಿಸಿಕೊಂಡು ಬಂದರು. ಅಷ್ಟೆಲ್ಲ ಮಾಡಬೇಕಾದ ಅಗತ್ಯ ಅವರಿಗೇನೂ ಇರಲಿಲ್ಲ.

“ಅಲ್ಲಿ ಅಕ್ಕಿ ಕೊಡ್ತಾರಾ?”

“ಆಲೂಗಡ್ಡೆ,” ಎಂದರು ಅತ್ತೆ, ನಾನು ಬಾಯಿ ತೆರೆಯುವ ಮೊದಲೇ.

ರಿಪೋರ್ಟ್ ತೆಗೆದುಕೊಂಡು ಕೈಮುಗಿದೆ. “ಅದೆಲ್ಲ ಬೇಡಮ್ಮಾ. ಮುಂದಿನ ಸಲ ಬರುವಾಗ ಕಾರ್ಡಿಗೆ ಗಂಡನ ಹೆಸರನ್ನೂ ಸೇರಿಸಿಕೊಂಡು ಬಾ,” ಎಂದರು.

ಅತ್ತೆ ನನ್ನ ಮುಖ ನೋಡಿದರು. ನಾನು ಸೀಲಿನ ಶಾಯಿ ಒಣಗಿದೆಯಾ ಎಂದು ನೋಡುತ್ತ ನಿಂತೆ.